ಮಾಳಿಗೆ ಮೇಲೆ ಸಂಗೀತದ ಸಿನಿಮಾ ತೋರಿಸುವುದು ಹೇಗೆ?

ನನ್ನ ಗೆಳೆಯನಿಗೆ ಎಪ್ಪತ್ತು ದಾಟಿದೆ. ಬಂದೇನವಾಜ್ ದರ್ಗಾ ಹತ್ತಿರ ಬಟ್ಟೆ ಹೊಲಿಯುವ ಚಾಚಾ. ತಬಲಾ ಬಾರಿಸುತ್ತಾರೆ. ಅವರಿಗೆ ಸಿನಿಮಾ ತೋರಿಸಲು ಹೋಗಿ ಕಲಿತದ್ದು ಇಷ್ಟು.

ಮೇ ತಿಂಗಳಲ್ಲಿ ಕಲಬುರಗಿಯ ಮಾಳಿಗೆ ರಾತ್ರಿಯೂ ಸುಡುತ್ತದೆ. ಸಂಜೆಯೇ ಶಹಾಬಾದ್ ಕಲ್ಲಿಗೆ ಎರಡು ಕೊಡ ನೀರು ಸುರಿಯಿರಿ. ಪರದೆಗೆ ಬಿಳಿ ಪಂಚೆ ಸಾಕು. ಕೆಳಗಿನ ಅಂಚಿಗೆ ಕೋಲು ಕಟ್ಟಿ, ಗಾಳಿಗೆ ಹಾರಬಾರದು ಅಲ್ವಾ?

ಸ್ಪೀಕರ್‌ಗೆ ಮಾತ್ರ ವೈರೇ ಹಾಕಿ. ಬ್ಲೂಟೂತ್‌ನಲ್ಲಿ ಸದ್ದು ಒಂಚೂರು ತಡವಾಗಿ ಬರಬಹುದು. ನಮಗೆ ಗೊತ್ತಾಗಲ್ಲ, ತಬಲಾದವರಿಗೆ ಗೊತ್ತಾಗುತ್ತದೆ. ಮೊದಲ ಸಲ ಚಾಚಾ, "ಬೆರಳು ಮೊದಲು, ಬೋಲು ಆಮೇಲೆ. ಏನಪ್ಪಾ ಇದು?" ಎಂದು ಎದ್ದೇಬಿಟ್ಟರು. ಬೋಲು ಅಂದರೆ ತಬಲಾದ ಧಾ, ಧಿನ್‌ನಂಥ ನುಡಿ. ಬಾಸ್ ಜಾಸ್ತಿ ಇಡಬೇಡಿ, ಬಾಯಾ, ಅಂದರೆ ಎಡಗೈಯಲ್ಲಿ ಬಾರಿಸುವ ದೊಡ್ಡ ತಬಲಾ, ಸುಮ್ನೆ ಗುಂಯ್‌ಗುಡುತ್ತದೆ.

ಚಹಾ ಇಂಟರ್ವಲ್‌ಗೆ. ಹಾಡಿನ ನಡುವೆ ಕೊಟ್ಟರೆ ಆರಿಹೋಗುತ್ತದೆ, ಚಾಚಾನ ಎರಡೂ ಕೈ ಚಾಪೆ ಮೇಲೆ ತಾಳ ಹಾಕುತ್ತಿರುತ್ತವೆ.