ಬಿದರಿಯ ಚೂರು, ಆಮ್ಲ ಮತ್ತು ಕಾಸ್ಟಿಕ್ ಸೋಡ

ಬೀದರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಸತುವು ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ, ಎರಡು ಕಡೆಯೂ ಹೈಡ್ರೋಜನ್ ಬಿಡುತ್ತದೆ ಎಂಬುದನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಸಮೀಕರಣ ಬರೆದೇ ಮುಗಿಸಿದ್ದೆ. ಮಾಡಿ ತೋರಿಸಲು ಹೊರಟ ದಿನ ಮುಖಭಂಗವಾಯಿತು.

ಪ್ರಯೋಗಾಲಯದ ಸತುವಿನ ಹರಳನ್ನು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕಿದರೆ ಗುಳ್ಳೆಗಳು ಒಂದೊಂದಾಗಿ, ಮನಸ್ಸಿಲ್ಲದವರಂತೆ ಎದ್ದವು. ಮಕ್ಕಳು ಕಿಟಕಿಯಾಚೆ ನೋಡತೊಡಗಿದರು. ಶುದ್ಧ ಸತು ಆಮ್ಲದಲ್ಲಿ ಸೋಮಾರಿ. ನಮ್ಮ ಓಣಿಯಲ್ಲಿ ಬಿದರಿ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅವರಿಂದ ಎರಕದಲ್ಲಿ ಒಡೆದುಹೋದ ಚೂರುಗಳನ್ನು ಕೇಳಿ ತಂದೆ. ಅರದ ಪುಡಿಯನ್ನೂ ಕೊಟ್ಟಿದ್ದರು, ಆದರೆ ಪುಡಿ ಹೇಗೂ ಬೇಗ ಕರಗುತ್ತದೆ, ಹೋಲಿಕೆ ನ್ಯಾಯವಾಗದು ಎಂದು ಹರಳಿನಷ್ಟೇ ದಪ್ಪದ ಚೂರನ್ನು ಆರಿಸಿದೆ. ಅದು ಬುಸುಬುಸು ನೊರೆಯೆಬ್ಬಿಸಿತು. ಬಿದರಿ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಸತು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನು ಪಡೆದು ಹೈಡ್ರೋಜನ್ ಹೊರಬೀಳಲು ತಾಮ್ರದ ಮೈ ಸುಲಭದ ಜಾಗ. ನೊರೆ ನಿಂತಾಗ ತಳದಲ್ಲಿ ಕಪ್ಪು ಕೆಸರು ಉಳಿದಿತ್ತು: ಆಮ್ಲಕ್ಕೆ ಜಗ್ಗದ ತಾಮ್ರ. ಶುದ್ಧ ಸತುವಿಗೂ ಒಂದು ಹನಿ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಹಾಕಿದೆ, ಅದೂ ಚುರುಕಾಯಿತು. ಕೆತ್ತನೆಗೆ ಮೊದಲು ಗೆರೆ ಕಾಣಲೆಂದು ಬಿದರಿಯವರು ಪಾತ್ರೆಗೆ ಇದೇ ಮೈಲುತುತ್ತ ಸವರಿ ಕಪ್ಪಾಗಿಸುತ್ತಾರೆ.

ಇನ್ನು ಕ್ಷಾರ. ಕಾಸ್ಟಿಕ್ ಸೋಡದಲ್ಲಿ ಸತು ತಣ್ಣಗೆ ಕುಳಿತಿರುತ್ತದೆ, ಮೆಲ್ಲಗೆ ಬಿಸಿ ಮಾಡಬೇಕು. ಜೋರಾಗಿ ಕಾಯಿಸಿದರೆ ದ್ರಾವಣ ಸಿಡಿಯುತ್ತದೆ. ಒಂದು ಹನಿ ನನ್ನ ಕೈಮೇಲೆ ಬಿದ್ದು ಸಾಬೂನಿನಂತೆ ಜಾರಿತು, ಆಮೇಲೆ ಉರಿಯಿತು. ಅಂದಿನಿಂದ ಕನ್ನಡಕವಿಲ್ಲದೆ ಈ ಪ್ರಯೋಗ ಮಾಡುವುದಿಲ್ಲ.

ನಿಜವಾಗಿ ಸೋತದ್ದು ಮುಂದಿನ ಹಂತದಲ್ಲಿ. ಸತುವಿನ ಸಲ್ಫೇಟ್ ದ್ರಾವಣಕ್ಕೆ ಸೋಡ ಹಾಕಿದರೆ ಬಿಳಿ ಪ್ರಕ್ಷೇಪ ಬರಬೇಕು. ಅರ್ಧ ಡ್ರಾಪರ್ ಸುರಿದೆ, ಪ್ರನಾಳ ತಿಳಿಯಾಗಿಯೇ ಇತ್ತು. "ಏನೂ ಆಗಲಿಲ್ಲ, ಸರ್" ಎಂದರು. ಆಗಿತ್ತು, ಆಗಿ ಮುಗಿದೂ ಹೋಗಿತ್ತು: ಸತುವಿನ ಹೈಡ್ರಾಕ್ಸೈಡ್ ಹುಟ್ಟಿ, ಹೆಚ್ಚಾದ ಸೋಡದಲ್ಲಿ ಜಿಂಕೇಟ್ ಎಂಬ ಲವಣವಾಗಿ ಕರಗಿತ್ತು. ಮರುದಿನ 100 ಮಿಲಿ ನೀರಿಗೆ 4 ಗ್ರಾಂ ಮಾತ್ರ ಸೋಡ ಹಾಕಿ, ಹನಿ ಹನಿಯಾಗಿ ಬಿಟ್ಟೆ. ಅಂಬಲಿಯಂಥ ಬಿಳುಪು ಕಟ್ಟಿತು; ಇನ್ನಷ್ಟು ಹನಿಗೆ ಮಾಯವಾಯಿತು. ಅದಕ್ಕೇ ಆಮ್ಲ ಹನಿಸಿದರೆ ಬಿಳುಪು ಮತ್ತೆ ಬಂತು, ಮತ್ತೆ ಹೋಯಿತು. ಪಕ್ಕದ ಪ್ರನಾಳದಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇಟ್ಟಿದ್ದೆ; ಅದರ ಬಿಳುಪು ಎಷ್ಟು ಸೋಡ ಹಾಕಿದರೂ ಕದಲಲಿಲ್ಲ. ಆಮ್ಲ, ಕ್ಷಾರ ಎರಡರೊಡನೆಯೂ ವರ್ತಿಸುವ ಈ ಗುಣಕ್ಕಿರುವ ಉಭಯಧರ್ಮಿ ಎಂಬ ಪದವನ್ನು ಆಮೇಲೆ ಬರೆದೆ. ಅಮೋನಿಯ ದ್ರಾವಣ ಹೆಚ್ಚಾದರೂ ಸತುವಿನ ಬಿಳುಪು ಕರಗುತ್ತದೆ, ಆದರೆ ಅಲ್ಲಿ ಅಮೋನಿಯ ಅಣುಗಳೇ ಸತುವಿನ ಅಯಾನನ್ನು ಸುತ್ತುವರಿಯುತ್ತವೆ. ಅದನ್ನು ಈ ಗುಣಕ್ಕೆ ಸಾಕ್ಷಿಯಾಗಿ ತೋರಿಸುವುದು ತಪ್ಪು. ನಾನೂ ಒಮ್ಮೆ ತೋರಿಸಿದ್ದೆ.

ಕಪ್ಪು ಕೆಸರನ್ನು ತೊಳೆದು, ಒಣಗಿಸಿ, ಕಾಗದದಲ್ಲಿ ಕಟ್ಟಿ ಆ ಹಿರಿಯರಿಗೆ ತೋರಿಸಿದೆ. ಬೆರಳಲ್ಲಿ ಉಜ್ಜಿ ನೋಡಿದರು. "ಸತು ನಿಮಗಿರಲಿ, ಸರ್" ಎಂದು ಪೊಟ್ಟಣವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ತಾಮ್ರ ದುಬಾರಿ."