ಬ್ರಿಟನ್ನಿನ ಮಾಜಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಬದುಕನ್ನು ಬರೆಯುವುದಾದರೆ ಎಲ್ಲಿಂದ ಶುರು ಮಾಡಬೇಕು?

ಬ್ರಿಟನ್ನಿನ ರಾಜಕಾರಣಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೊದಲ ಚುನಾವಣೆಯಿಂದ ಶುರು ಮಾಡುತ್ತಾರೆ. ಯುದ್ಧದ ವರ್ಷಗಳು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ನನಗೆ ಆ ಸಾಲೇ ಮುಖ್ಯ.

ಮೊದಲು ಕ್ಯಾಲಹನ್ ನೌಕಾಪಡೆಯ ಯಾವ ಮೀಸಲು ಪಡೆಯವರು ಎಂದು ತಿಳಿದುಕೊಳ್ಳಿ. ರಾಯಲ್ ನೇವಲ್ ರಿಸರ್ವ್‌ನಲ್ಲಿ ಇದ್ದವರು ಬಹುತೇಕ ಸರಕು ಹಡಗಿನ ನಾವಿಕರು. ವಾಲಂಟಿಯರ್ ರಿಸರ್ವ್‌ಗೆ ಗುಮಾಸ್ತರು, ವಕೀಲರು, ಬೇರೆ ಬೇರೆ ಕೆಲಸದವರು ಬಂದರು. ಆಗಿನ ಫೋಟೋ ಸಿಕ್ಕರೆ ತೋಳಿನ ಪಟ್ಟಿ ನೋಡಿ: ವಾಲಂಟಿಯರ್ ಅಧಿಕಾರಿಗಳದ್ದು ಅಲೆಯಂತೆ ಬಾಗಿರುತ್ತದೆ. ಕ್ಯಾಲಹನ್ ಯುದ್ಧಕ್ಕೆ ಮುಂಚೆ ತೆರಿಗೆ ಇಲಾಖೆಯ ಗುಮಾಸ್ತರು, ಆಮೇಲೆ ಆ ನೌಕರರ ಸಂಘದ ಪದಾಧಿಕಾರಿ. ನೌಕಾಪಡೆಗೆ ಸೇರಿದ್ದು ವಾಲಂಟಿಯರ್ ರಿಸರ್ವ್‌ನಲ್ಲಿ, ಸಾಮಾನ್ಯ ನಾವಿಕನಾಗಿ. ಕ್ಷಯ ಪತ್ತೆಯಾಗಿ ಹಸ್ಲಾರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರು. 1944ರಲ್ಲಿ ಲೆಫ್ಟಿನೆಂಟ್ ಆದರು. ಅವರನ್ನು ಯುದ್ಧವೀರ ಅಂತ ಬರೆಯಬೇಡಿ, ಹಾಗೆ ಮಾಡಿದರೆ ಅವರಿಗೇ ಅನ್ಯಾಯ.

ಈಗ ಇನ್ನೂ ಹಿಂದಕ್ಕೆ ಹೋಗಿ. ಪೋರ್ಟ್ಸ್‌ಮತ್‌ನಲ್ಲಿ 1912ರಲ್ಲಿ ಹುಟ್ಟಿದ ಈ ಹುಡುಗನ ತಂದೆ ನೌಕಾಪಡೆಯಲ್ಲಿ ಚೀಫ್ ಪೆಟಿ ಆಫೀಸರ್. 1921ರಲ್ಲಿ ತೀರಿಕೊಂಡರು. ಮಗನಿಗೆ ಆಗ 9 ವರ್ಷ. ತಾಯಿಗೆ ಪಿಂಚಣಿ ಸಿಕ್ಕಿದ್ದು 1924ರಲ್ಲಿ, ಮೊದಲ ಲೇಬರ್ ಸರ್ಕಾರ ಬಂದ ಮೇಲೆ. ಮೂರು ವರ್ಷ ಆ ಮನೆ ಹೇಗೆ ನಡೆದಿರಬೇಕು ಅಲ್ವಾ? ಅವರು ಯಾಕೆ ಆ ಪಕ್ಷದವರಾದರು ಎಂದು ಯಾರಾದರೂ ಕೇಳಿದರೆ ಉತ್ತರವನ್ನು ಭಾಷಣಗಳಲ್ಲಿ ಹುಡುಕುವ ಮುಂಚೆ ಇಲ್ಲಿ ಹುಡುಕಿ. ನಿಮ್ಮ ಬರಹದಲ್ಲಿ ಜಾಸ್ತಿ ಜಾಗ ಈ ಭಾಗಕ್ಕೇ ಕೊಡಿ.

ದಾಖಲೆಗಳು ಸುಲಭವಾಗಿ ಸಿಗುತ್ತವೆ. ಅಧಿಕಾರಿಗಳ ಹೆಸರು, ದರ್ಜೆ ನೌಕಾಪಡೆಯ ಅಧಿಕೃತ ಪಟ್ಟಿಯಾದ ನೇವಿ ಲಿಸ್ಟ್‌ನಲ್ಲಿವೆ. ಯುದ್ಧಕಾಲದ ಸಂಪುಟಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಮೊದಲ ಮಹಾಯುದ್ಧದ ವಾಲಂಟಿಯರ್ ಅಧಿಕಾರಿ ಬೇಕಿದ್ದರೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಎಡಿಎಂ 337 ಸರಣಿ ನೋಡಿ. ಸಂಸತ್ತಿನ ಮಾತುಗಳಿಗೆ ಹ್ಯಾನ್ಸಾರ್ಡ್, ಅಂದರೆ ಅಲ್ಲಿನ ಚರ್ಚೆಗಳ ಅಧಿಕೃತ ದಾಖಲೆ.

1945ರ ಚುನಾವಣೆಗೆ ಬಂದಾಗ ದಿನಾಂಕಗಳನ್ನು ಗಮನಿಸಿ. ಮತದಾನ ಜುಲೈ 5, ಎಣಿಕೆ ಜುಲೈ 26. ಹೊರದೇಶಗಳಲ್ಲಿದ್ದ ಸೈನಿಕರ, ನಾವಿಕರ ಮತಗಳು ಬರಬೇಕಿತ್ತು. ಕ್ಯಾಲಹನ್ ಕಾರ್ಡಿಫ್ ಸೌತ್‌ನಲ್ಲಿ ಗೆದ್ದರು. 1950ರಲ್ಲಿ ಅದೇ ನೌಕಾ ಇಲಾಖೆಗೆ ಕಿರಿಯ ಸಚಿವರಾಗಿ ಹೋದರು. ಇದನ್ನು ಬಿಡಬೇಡಿ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ: ಹಣಕಾಸು, ಗೃಹ, ವಿದೇಶಾಂಗ, ಪ್ರಧಾನಿ ಪಟ್ಟ. ಈ ನಾಲ್ಕೂ ಹುದ್ದೆ ನಿಭಾಯಿಸಿದ್ದು ಅವರೊಬ್ಬರೇ. ಅದನ್ನು ಚಿಕ್ಕದಾಗಿ ಹೇಳಿ. ಆದರೆ 1979ರ ಮಾರ್ಚ್ 28ರ ಅವಿಶ್ವಾಸ ಚರ್ಚೆಯನ್ನು ಮಾತ್ರ ಹ್ಯಾನ್ಸಾರ್ಡ್‌ನಲ್ಲಿ ಪೂರ್ತಿ ಓದಿ. 311ಕ್ಕೆ 310. ಒಂದೇ ಮತದಿಂದ ಅವರ ಸರ್ಕಾರ ಬಿತ್ತು.