ಇಂಡಕ್ಷನ್ ಒಲೆಗೆ ಒಣ ಕೈ ಬೇಕು

ಹೋದ ತಿಂಗಳು ತಂಗಿಯ ಮಗನ ಮನೆಗೆ ಹೋಗಿದ್ದೆ. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿದ್ದದ್ದು ಇಂಡಕ್ಷನ್ ಒಲೆ. ಕೆಳಗೆ ಹಳೇ ಪೇಪರ್ ಹಾಸಿದ್ದರು. ಅದರ ಬೆನ್ನು ಗೋಡೆಗೆ ಒತ್ತಿಕೊಂಡಿತ್ತು. ಪ್ಲಗ್ಗು ಗೋಡೆಯ ಪಾಯಿಂಟಿನಲ್ಲಿ ಇರಲಿಲ್ಲ, ಉದ್ದ ವೈರಿನ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿತ್ತು. ಅದೇ ಬೋರ್ಡಿಗೆ ಮಿಕ್ಸಿ, ಅದಕ್ಕೇ ಮೊಬೈಲ್ ಚಾರ್ಜರ್. ಸೊಸೆ ಆಗತಾನೇ ತೊಳೆದ ಪಾತ್ರೆಯನ್ನು ತಳದಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಗಾಜಿನ ಮೇಲೆ ಕುಕ್ಕಿ, ಹಾಲು ಸುರಿದು, ಗುಂಡಿ ಒತ್ತಿ, ಫೋನ್ ಹಿಡಿದು ಹೊರಗೆ ಹೋದಳು. ನಾನು ಕರೆದು ಹೇಳಿದರೆ, "ದೊಡ್ಡಮ್ಮಾ, ಇದರಲ್ಲಿ ಬೆಂಕಿನೇ ಇಲ್ಲ, ಯಾಕೆ ಭಯ?" ಅಂದಳು.

ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೆಂಕಿ ಕಾಣಿಸುವುದಿಲ್ಲ ಅಷ್ಟೇ. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇದೆ. ಕರೆಂಟು ಹರಿದಾಗ ಅದು ಮೇಲಿನ ಕಬ್ಬಿಣದ ಪಾತ್ರೆಯನ್ನೇ ಬಿಸಿ ಮಾಡುತ್ತದೆ. ಪಾತ್ರೆಯೇ ಕಾಯುವುದರಿಂದ ಗ್ಯಾಸಿಗಿಂತ ಬೇಗ ಕಾಯುತ್ತದೆ. ಗ್ಯಾಸಾದರೆ ಉರಿ ಕಾಣುತ್ತದೆ, ಸದ್ದು ಕೇಳುತ್ತದೆ, ಸೆರಗು ಹಿಂದಕ್ಕೆ ಸರಿಸಿಕೊಳ್ಳುತ್ತೇವೆ. ಇಲ್ಲಿ ಏನೂ ಕಾಣದೆ ಇರುವುದರಿಂದಲೇ ಮೈಮರೆಯುತ್ತಾರೆ.

ನಾನು ಮದುವೆಯಾಗಿ ಮೈಸೂರಿಗೆ ಬಂದಾಗ ನಮ್ಮತ್ತೆ ಮನೆಯಲ್ಲಿ ಸೀಮೆಎಣ್ಣೆ ಸ್ಟೌ ಜೊತೆಗೆ ಒಂದು ಕರೆಂಟಿನ ಒಲೆಯೂ ಇತ್ತು. ಮಣ್ಣಿನ ಬಿಲ್ಲೆಯ ಗೀರಿನಲ್ಲಿ ಸುರುಳಿ ತಂತಿ ಕೂರಿಸಿದ್ದು, ಕೆಂಡದ ಹಾಗೆ ಕೆಂಪಗಾಗುತ್ತಿತ್ತು. ಪಾತ್ರೆ ತಂತಿಗೆ ತಾಗಿದರೆ ಶಾಕ್ ಹೊಡೆಯುತ್ತಿತ್ತು. ನಮ್ಮತ್ತೆ ಓದಿದವರಲ್ಲ. ಆದರೆ ಅದರ ಮುಂದೆ ಒಂದು ಮರದ ಮಣೆ ಹಾಕಿ, ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಮಣೆಯ ಮೇಲೆ ನಿಂತೇ ಸ್ವಿಚ್ ಮುಟ್ಟುತ್ತಿದ್ದರು. ಪಾತ್ರೆ ಇಡುವ ಮೊದಲು ಸ್ವಿಚ್ ಆರಿಸಬೇಕು, ಇಳಿಸುವ ಮೊದಲೂ ಆರಿಸಬೇಕು. ಮರೆತರೆ ಬೈಗುಳ ಖಚಿತ. ಆ ಒಲೆ ಹೋಯಿತು, ಆ ಎಚ್ಚರವೂ ಅದರ ಜೊತೆಗೇ ಹೋಯಿತು.

ಮೊದಲು ಪ್ಲಗ್ಗಿನ ವಿಷಯ. ನಮ್ಮ ಮನೆಗಳಲ್ಲಿ ಎರಡು ಥರ ಪಾಯಿಂಟ್ ಇರುತ್ತದೆ. ಫ್ಯಾನು, ಚಾರ್ಜರಿನ ಸಣ್ಣದು 6 ಆಂಪಿಯರಿನದು. ಗೀಸರಿಗೆ ಹಾಕುವ ದಪ್ಪ ತೂತಿನದು 16 ಆಂಪಿಯರಿನದು. 2000 ವ್ಯಾಟಿನ ಒಲೆ ಪೂರ್ತಿ ಉರಿಯುವಾಗ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತದೆ. 6ರ ಪಾಯಿಂಟಿಗೆ 9 ಎಳೆದರೆ ಏನಾಗುತ್ತದೆ? ಪ್ಲಗ್ಗು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕಂದು ತಿರುಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ವೈರು ಕರಗುತ್ತದೆ. ದಪ್ಪ ಪಿನ್ನನ್ನು ಸಣ್ಣ ತೂತಿಗೆ ಹಾಕಲು ಅಂಗಡಿಯಲ್ಲಿ ಅಡಾಪ್ಟರ್ ಸಿಗುತ್ತದೆ. ಸಿಗುತ್ತದೆ ಅಂತ ತರಬೇಡಿ. ಪಿಜಿಯಲ್ಲಿ, ಬಾಡಿಗೆ ರೂಮಿನಲ್ಲಿ ಇರುವ ಮಕ್ಕಳು ಮಾಡುವುದೇ ಇದು. ರಾತ್ರಿ ಹಾಸಿಗೆ ಪಕ್ಕದ ಸಣ್ಣ ಪಾಯಿಂಟಿಗೆ ಅಡಾಪ್ಟರ್ ಸಿಕ್ಕಿಸಿ ಮ್ಯಾಗಿ ಬೇಯಿಸುತ್ತಾರೆ. ಉದ್ದದ ಭೂಮಿ ಪಿನ್ನು ಅಡ್ಡ ಬರುತ್ತದೆ ಅಂತ ಅದನ್ನು ಮುರಿದು ಹಾಕುವವರನ್ನೂ ನೋಡಿದ್ದೇನೆ. ಒಳಗೆ ಎಲ್ಲೋ ಕರೆಂಟು ಸೋರಿದರೆ ನಿಮ್ಮ ಮೈ ಬಿಟ್ಟು ಭೂಮಿಗೆ ಹೋಗಲು ಇರುವ ದಾರಿ ಅದೊಂದೇ. ಅದನ್ನೇ ಮುರಿಯುವುದಾ? ಯುಪಿಎಸ್ ಲೈನಿನ ಪಾಯಿಂಟಿಗೂ ಹಾಕಬೇಡಿ, ಮನೆಯ ಯುಪಿಎಸ್ಸಿಗೆ ಅಷ್ಟು ಶಕ್ತಿ ಇರುವುದಿಲ್ಲ. ಹೊಸ ಒಲೆ ತಂದ ಮೊದಲ ದಿನ ಹತ್ತು ನಿಮಿಷ ಓಡಿಸಿ, ಆರಿಸಿ, ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಹಿಂದೆಗೆಯುವಷ್ಟು ಬಿಸಿ ಇದ್ದರೆ ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ.

ಸ್ವಿಚ್ಚು ಒಲೆಯ ಹಿಂದೆ ಇರಬಾರದು, ಪಕ್ಕದಲ್ಲಿರಬೇಕು. ಆವಿ ಬರುವ ಪಾತ್ರೆಯ ಮೇಲೆ ಕೈ ಚಾಚದೆ ಅದು ಸಿಗಬೇಕು. ಇದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಡುವ ಜಾಗ ಗಟ್ಟಿ ಕಲ್ಲು. ಪೇಪರು, ಪ್ಲಾಸ್ಟಿಕ್ ಹಾಸು, ಮೇಜಿನ ಬಟ್ಟೆ ಯಾವುದೂ ಕೆಳಗೆ ಬೇಡ. ಒಲೆ ಕೆಳಗಿನಿಂದ ಗಾಳಿ ಎಳೆದು ಒಳಗಿನದನ್ನು ತಣ್ಣಗಿಡುತ್ತದೆ. ಪೇಪರ್ ಹಾಸಿದರೆ ಮೂಗು ಮುಚ್ಚಿದ ಹಾಗೆ. ಗೋಡೆಯಿಂದ ಒಂದು ಗೇಣು ಈಚೆಗಿಡಿ. ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಫ್ಯಾನ್ ತಿರುಗುವ ಸದ್ದು ಬರುತ್ತದಲ್ವಾ, ಅದು ನಿಲ್ಲುವ ತನಕ ಗೋಡೆಯ ಸ್ವಿಚ್ ಆರಿಸಬೇಡಿ. ಎಲ್ಲರಿಗೂ ಅವಸರ. ಗುಂಡಿ ಒತ್ತಿದ ಮರುಕ್ಷಣ ಪ್ಲಗ್ ಕಿತ್ತು, ಆಮೇಲೆ ವರ್ಷ ತುಂಬುವ ಮೊದಲೇ ಕೆಟ್ಟುಹೋಯಿತು ಅಂತ ಕಂಪನಿಯವರನ್ನು ಬೈಯುತ್ತಾರೆ.

ಪಾತ್ರೆಗೆ ಅಯಸ್ಕಾಂತದ ಪರೀಕ್ಷೆ ಸಾಕು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ತಳಕ್ಕೆ ಗಟ್ಟಿಯಾಗಿ ಕಚ್ಚಬೇಕು. ಹಿತ್ತಾಳೆ, ಕಂಚು, ಅಲ್ಯೂಮಿನಿಯಂ, ಮಣ್ಣಿನ ಪಾತ್ರೆ ಯಾವುದೂ ಆಗುವುದಿಲ್ಲ. ನಮ್ಮ ಎಷ್ಟೋ ಸ್ಟೀಲ್ ಪಾತ್ರೆಗಳೂ ಆಗುವುದಿಲ್ಲ. ತಳ ಉಬ್ಬಿದ್ದರೆ ಬೇಡ, ಗಿರಗಿರ ತಿರುಗುತ್ತದೆ. ಕಬ್ಬಿಣದ ಕಾವಲಿ ಇಡಬಹುದು, ಆದರೆ ಎತ್ತಿ ಇಡಬೇಕು. ಎಳೆದರೆ ಗಾಜಿಗೆ ಗೀರು. ಮೊದಲೇ ಪೂರ್ತಿ ಉರಿ ಕೊಡದೆ ನಿಧಾನಕ್ಕೆ ಕಾಯಿಸಿ. ಒಗ್ಗರಣೆ ಸೌಟು ತುಂಬಾ ಚಿಕ್ಕದು, ಒಲೆಗೆ ಅದು ಗೊತ್ತೇ ಆಗುವುದಿಲ್ಲ. ಒಗ್ಗರಣೆಗೆ ಅಗಲದ ಚಿಕ್ಕ ಬಾಣಲೆ ಇಡಿ, ಎಣ್ಣೆ ಹಾಕಿದ ಮೇಲೆಯೇ ಗುಂಡಿ ಒತ್ತಿ, ಉರಿ ಕಮ್ಮಿ ಇಡಿ, ಸಾಸಿವೆ ಕೈಯಲ್ಲೇ ಇರಲಿ. ಎರಡು ಚಮಚ ಎಣ್ಣೆ ಇಲ್ಲಿ ಹೊಗೆಯಾಡಲು ಸಾಸಿವೆ ಡಬ್ಬಿ ಹುಡುಕುವಷ್ಟು ಹೊತ್ತೂ ಬೇಡ. ಎಣ್ಣೆ ಹೊತ್ತಿಕೊಂಡರೆ ಆರಿಸಿ, ತಟ್ಟೆ ಮುಚ್ಚಿ, ದೂರ ನಿಲ್ಲಿ. ನೀರು ಮಾತ್ರ ಹಾಕಲೇಬೇಡಿ. ನಾನ್‌ಸ್ಟಿಕ್ ತವಾ ಖಾಲಿ ಇಟ್ಟು ಹಿಟ್ಟು ತರಲು ಫ್ರಿಜ್ಜಿಗೆ ಹೋಗಬೇಡಿ. ಕುಕ್ಕರಿಗೆ ಸೀಟಿ ಬಂದ ಮೇಲೆ ಉರಿ ತಗ್ಗಿಸಿ. ಇದನ್ನೆಲ್ಲ ವಿವರಿಸುವ ಅಗತ್ಯವಿಲ್ಲ ಅಂದುಕೊಂಡಿದ್ದೇನೆ.

ಈಗ ಹಾಲು. ನನ್ನ ಕಣ್ಣೆದುರು ಕೆಟ್ಟ ಇಂಡಕ್ಷನ್ ಒಲೆಗಳಲ್ಲಿ ಹೆಚ್ಚಿನವು ಹಾಲು ಉಕ್ಕಿಯೇ ಕೆಟ್ಟದ್ದು. ಸುಟ್ಟುಕೊಂಡವರಲ್ಲೂ ಹೆಚ್ಚಿನವರು ಹಾಲಿನ ಪಾತ್ರೆಯಿಂದಲೇ. ನಾನು ಹಾಲು ಕಾಯಿಸುವ ರೀತಿಗೆ ಮನೆಯವರೆಲ್ಲ ಇಷ್ಟೊಂದು ಶಾಸ್ತ್ರ ಯಾಕೆ ಅನ್ನುತ್ತಾರೆ. ಅನ್ನಲಿ. ನನ್ನ ಒಲೆಯ ಗಾಜಿನ ಮೇಲೆ ಇವತ್ತಿನವರೆಗೂ ಒಂದು ಕಲೆ ಇಲ್ಲ.

ಮೊದಲು ಎರಡು ಬಟ್ಟೆ. ಹಳೇ ಹತ್ತಿ ಪಂಚೆ ಹರಿದು ಮಾಡಿದ್ದು, ಅಂಗೈಯಷ್ಟು ದಪ್ಪಕ್ಕೆ ಮಡಚಿದ್ದು. ಒಂದು ಪಾತ್ರೆ ತಳಕ್ಕೆ, ಇನ್ನೊಂದು ಗಾಜಿಗೆ ಮತ್ತು ಕೈಗೆ. ಹೊಸ ಟವೆಲ್ ನೀರು ಹೀರುವುದಿಲ್ಲ, ಸುಮ್ನೆ ಹರಡುತ್ತದೆ. ನೂರು ಸಲ ಒಗೆದ ಪಂಚೆಯೇ ಆಗಬೇಕು. ಬಟ್ಟೆ ಅಂದ ಮೇಲೆ ಒಂದು ಮಾತು. ಅಡುಗೆಮನೆ ಬಟ್ಟೆಯನ್ನು ವಾರಗಟ್ಟಲೆ ಹಾಗೇ ಸಿಂಕಿನ ಅಂಚಿಗೆ ನೇತುಹಾಕಿರುತ್ತೀರಲ್ಲ, ಅದರ ವಾಸನೆ ನಿಮ್ಮ ಮೂಗಿಗೆ ಬಡಿಯುವುದಿಲ್ವಾ? ದಿನಾ ರಾತ್ರಿ ಸೋಪಿನಲ್ಲಿ ಹಿಂಡಿ, ವಾರಕ್ಕೊಮ್ಮೆ ಚಿಟಿಕೆ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಹರಡಿ. ನೆರಳಿನಲ್ಲಿ ಒಣಗಿಸಿದ್ದು ಒಣಗಿದ್ದಲ್ಲ.

ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ಹಾಲು ಹಾಕಿದ ಮೇಲೂ ಮೇಲಿನ ಮೂರನೇ ಒಂದು ಭಾಗ ಖಾಲಿ ಇರಬೇಕು. ಒಳಗೆ ತಣ್ಣೀರು ಹಾಕಿ ಕುಲುಕಿ ಚೆಲ್ಲಿ, ಒಳಗಡೆ ಒರೆಸಬೇಡಿ. ಒಂದು ಗುಟುಕು ನೀರು ತಳದಲ್ಲೇ ಉಳಿಯಲಿ. ಅದರ ಮೇಲೆ ಹಾಲನ್ನು ಅಂಚಿನಿಂದ ಮೆಲ್ಲಗೆ ಬಿಡಿ. ಹೀಗೆ ಮಾಡಿದರೆ ತಳ ಹಿಡಿಯುವುದು ಕಮ್ಮಿ.

ಒಳಗೆ ಒದ್ದೆ, ಹೊರಗೆ ಮಾತ್ರ ಬೂದಿ ಒಣಗಿದ ಹಾಗೆ ಒಣಗಿರಬೇಕು. ಪಾತ್ರೆಯನ್ನು ಎತ್ತಿ ಹಿಡಿದು, ಪಂಚೆ ಬಟ್ಟೆಯಿಂದ ತಳದ ನಡುವಿನಿಂದ ಅಂಚಿಗೆ ಸುತ್ತು ಸುತ್ತಾಗಿ ಒರೆಸಿ. ಆಮೇಲೆ ಅಂಚಿನ ಮಡಿಕೆ. ನೀರು ಅಡಗಿ ಕೂರುವುದು ಅಲ್ಲೇ. ಬಟ್ಟೆಯ ಮೂಲೆಯನ್ನು ಉಗುರಿನ ಮೇಲೆ ಇಟ್ಟು ಆ ಮಡಿಕೆಯ ಸುತ್ತ ಒಮ್ಮೆ ಎಳೆಯಿರಿ. ಕೊನೆಗೆ ಮುಂಗೈಯನ್ನು ತಳಕ್ಕೆ ಒತ್ತಿ ನೋಡಿ. ಅಂಗೈಗೆ ಗೊತ್ತಾಗದ ತೇವ ಮುಂಗೈಗೆ ಗೊತ್ತಾಗುತ್ತದೆ. ಇನ್ನೊಂದು ಬಟ್ಟೆಯಿಂದ ಗಾಜು ಒರೆಸಿ. ಒಂದು ಉಪ್ಪಿನ ಹರಳು ಇದ್ದರೂ ಸಾಕು, ಪಾತ್ರೆ ಅದರ ಮೇಲೆ ಉಜ್ಜಿ ಗೀರು ಬೀಳುತ್ತದೆ.

ಯಾಕೆ ಇಷ್ಟು? ತಳಕ್ಕೂ ಗಾಜಿಗೂ ಮಧ್ಯೆ ಸಿಕ್ಕಿದ ನೀರು ಕುದಿದು ಆವಿಯಾಗುತ್ತದೆ. ಆ ಆವಿಗೆ ಪಾತ್ರೆ ಟಕಟಕ ಕುಣಿಯುತ್ತದೆ, ನುಣುಪಾದ ಗಾಜಿನ ಮೇಲೆ ಮೆಲ್ಲಗೆ ಜಾರುತ್ತದೆ. ತುಂಬಿದ ಪಾತ್ರೆ ಬೆರಳಗಲ ಜಾರಿದರೂ ಕೆಲಸ ಕೆಟ್ಟಿತು. ಅದೂ ಅಲ್ಲದೆ ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಗಾಜಿಗೆ ಬಿಳಿ ಉಂಗುರವಾಗಿ ಅಂಟುತ್ತದೆ.

ಪಾತ್ರೆಯನ್ನು ವೃತ್ತದ ನಟ್ಟನಡುವೆ ಇಟ್ಟು, ಹಿಡಿ ಇದ್ದರೆ ಒಳಗಡೆ ತಿರುಗಿಸಿ. 'ಹಾಲು' ಅಂತ ಬರೆದ ಗುಂಡಿಯನ್ನು ನಂಬಬೇಡಿ. ನಿಮ್ಮ ಪಾತ್ರೆಯಲ್ಲಿ ಅರ್ಧ ಲೀಟರ್ ಇದೆಯೋ ಎರಡು ಲೀಟರ್ ಇದೆಯೋ ಅದಕ್ಕೇನು ಗೊತ್ತು? ನಡುವಿನ ಉರಿಗಿಂತ ಒಂದು ಮೆಟ್ಟಿಲು ಕೆಳಗೆ ಇಡಿ. ತುಂಬಾ ಕೆಳಗೂ ಬೇಡ. ಎಷ್ಟೋ ಒಲೆಗಳು ಕಮ್ಮಿ ಉರಿಯಲ್ಲಿ ಪೂರ್ತಿ ಉರಿದು, ನಿಂತು, ಮತ್ತೆ ಉರಿಯುತ್ತವೆ. ಹಾಲು ಅಲ್ಲೇ ತಳ ಹಿಡಿಯುವುದು. ಬೆರಳಿಗೆ ಬಿಸಿ ತಾಗುವ ಹೊತ್ತಿಗೆ ಮರದ ಸೌಟಿನಿಂದ ತಳ ಮುಟ್ಟಿ ಎರಡು ಸಲ ಕೈಯಾಡಿಸಿ. ಆಮೇಲೆ ಅಲ್ಲಿಂದ ಕದಲಬೇಡಿ.

ನಿಂತು ಏನು ಮಾಡಬೇಕು ಅಂದರೆ, ಬಲಗೈಯನ್ನು ಒಣಗಿಸಿಕೊಂಡು ಸುಮ್ಮನೆ ಇಟ್ಟುಕೊಳ್ಳಬೇಕು. ಇಂಥ ಎಷ್ಟೋ ಒಲೆಗಳ ಗುಂಡಿ ನಿಜವಾದ ಗುಂಡಿಯಲ್ಲ, ಬೆರಳು ತಾಗಿದರೆ ಕೆಲಸ ಮಾಡುವಂಥದ್ದು. ಒದ್ದೆ ಬೆರಳಿಗೆ, ಹಾಲು ಮೆತ್ತಿದ ಬೆರಳಿಗೆ ಅದು ಓಗೊಡುವುದಿಲ್ಲ. ಗುಂಡಿಯ ಮೇಲೇ ಹಾಲು ಹರಿದರಂತೂ ಏನು ಒತ್ತಿದರೂ ಇಲ್ಲ. ಅದಕ್ಕೇ ನನ್ನ ಮನೆಯಲ್ಲಿ ನಿಯಮ, ಎಡಗೈ ಒದ್ದೆ ಕೆಲಸಕ್ಕೆ, ಬಲಗೈ ಒಲೆಗೆ. ಗುಂಡಿ ಓಗೊಡದಿದ್ದರೆ ಗೋಡೆಯ ಸ್ವಿಚ್. ಸ್ವಿಚ್ ಪಕ್ಕದಲ್ಲಿರಬೇಕು ಅಂದದ್ದು ಇದಕ್ಕೇ.

ಅಂಚಿನಲ್ಲಿ ಸಣ್ಣ ನೊರೆ ಕಟ್ಟುತ್ತದೆ. ಸದ್ದು ಒಮ್ಮೆ ತಗ್ಗುತ್ತದೆ. ನಡುವಿನ ಕೆನೆ ಸೀರೆ ನೆರಿಗೆಯ ಹಾಗೆ ಸುಕ್ಕಾಗಿ ಮೇಲಕ್ಕೆ ಏಳುತ್ತದೆ. ಆಗ ಒತ್ತಿ. ಪಾತ್ರೆ ಎತ್ತಬೇಡಿ, ಒತ್ತಿ ಅಷ್ಟೇ. ಗ್ಯಾಸಿನಲ್ಲಿ ಆರಿಸಿದ ಮೇಲೂ ಹಾಲು ಏರುತ್ತದೆ, ಒಲೆಯ ಕಬ್ಬಿಣ ಕಾದಿರುತ್ತದೆ. ಇಲ್ಲಿ ಆರಿಸಿದ ಕೂಡಲೇ ಶಾಖ ನಿಲ್ಲುತ್ತದೆ, ಏರಿದ ಹಾಲು ಕಣ್ಣೆದುರೇ ಇಳಿಯುತ್ತದೆ. ಗಾಬರಿಯಿಂದ ಇಕ್ಕಳ ಹಿಡಿದು ಎತ್ತುವವರೇ ಕೈ ಮೇಲೆ ಚೆಲ್ಲಿಕೊಳ್ಳುವುದು.

ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹತ್ತಿರದವರ ಗೃಹಪ್ರವೇಶ. ಹೊಸ ಫ್ಲ್ಯಾಟು, ಗ್ಯಾಸ್ ಇನ್ನೂ ಬಂದಿರಲಿಲ್ಲ. ಹಾಲುಕ್ಕಿಸುವ ಶಾಸ್ತ್ರವನ್ನು ಇಂಡಕ್ಷನ್ ಮೇಲೇ ಮಾಡಿದರು. ಬೇಡ ಅಂದೆ, ಯಾರೂ ಕೇಳಲಿಲ್ಲ. ಹಾಲು ಚೆನ್ನಾಗಿಯೇ ಉಕ್ಕಿತು. ಗಾಜಿನ ಮೇಲೆ ಹರಿದು, ಪಕ್ಕದ ಗಾಳಿ ಕಿಂಡಿಯಲ್ಲಿ ಇಳಿಯಿತು. ಒಳಗೆ ಪಟ್ ಅಂತ ಸದ್ದು, ಇಡೀ ಮನೆಯ ಕರೆಂಟು ಹೋಯಿತು. ಆ ಮನೆಯ ಹುಡುಗಿ ಅಪಶಕುನ ಅಂತ ಕಣ್ಣೀರು ಹಾಕಿದಳು. ಶಕುನದ ಮಾತೇ ಅಲ್ಲ ಅದು, ಯಂತ್ರದೊಳಗೆ ಹಾಲು ಹೋದರೆ ಆಗುವುದೇ ಹಾಗೆ. ಹಾಲು ಉಕ್ಕಲೇಬೇಕು ಅಂದರೆ ಪಕ್ಕದ ಮನೆಯಿಂದ ಗ್ಯಾಸಿನ ಒಲೆ ತನ್ನಿ.

ಹಾಗೆ ಏನಾದರೂ ಚೆಲ್ಲಿ ಒಳಗೆ ಹೋದರೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಹೊರಗೆ ಒರೆಸಿ, ರಿಪೇರಿಯವರಿಗೆ ಕೊಡಿ. ಸ್ಕ್ರೂ ಬಿಚ್ಚಿ ನೋಡುವ ಸಾಹಸ ಬೇಡ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಒಲೆಯನ್ನು ಮುಟ್ಟಬೇಡಿ, ಬಿರುಕಿನಲ್ಲಿ ನೀರಿಳಿದರೆ ಶಾಕ್.

ಪಾತ್ರೆ ಇಳಿಸಿದ ಮೇಲೆ ಗಾಜು ತಣ್ಣಗಿದೆ ಅಂದುಕೊಳ್ಳುತ್ತಾರೆ. ಪಾತ್ರೆಯ ಬಿಸಿ ಗಾಜಿಗೆ ಇಳಿದಿರುತ್ತದೆ, ಚರ್ಮ ಸುಡುವಷ್ಟು. ಮಕ್ಕಳು ಅದನ್ನು ಟ್ಯಾಬ್ ಅಂದುಕೊಂಡು ಕೈ ಇಡುತ್ತಾರೆ. ಮಗುವಿರುವ ಮನೆಯಲ್ಲಿ ಪಾತ್ರೆ ಇಳಿಸಿದ ಮೇಲೆ ಗಾಜಿನ ಮೇಲೆ ನೀರಿರುವ ಚಿಕ್ಕ ಪಾತ್ರೆಯೊಂದನ್ನು ಇಡುತ್ತೇನೆ, ಖಾಲಿ ಬಿಡುವುದಿಲ್ಲ. ಒಲೆ ಆರಿದೆ ಅಂತ ನೋಡಿಕೊಂಡೇ ಇಡಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಉರಿಯುವ ಒಲೆಯಿಂದ ಎರಡಡಿ ದೂರ ಇರಬೇಕು. ಅಂಥವರು ಅಡುಗೆಯನ್ನೂ ಮಾಡುವುದಾದರೆ ಡಾಕ್ಟರನ್ನು ಕೇಳಿಯೇ ಮಾಡಲಿ.

ಗೃಹಜ್ಯೋತಿ ಬಂದ ಮೇಲೆ ಕರೆಂಟು ಹೇಗೂ ಫ್ರೀ ಅಂತ ಬೆಳಗಿನಿಂದ ರಾತ್ರಿವರೆಗೂ ಇದರಲ್ಲೇ ಬೇಯಿಸುವವರಿದ್ದಾರೆ. 2000 ವ್ಯಾಟಿನಲ್ಲಿ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ಅದನ್ನೂ ನೋಡಿಕೊಳ್ಳಿ.

ರಾತ್ರಿ ಪ್ಲಗ್ ತೆಗೆದು, ಗಾಜು ತಣ್ಣಗಾದ ಮೇಲೆ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ಕಬ್ಬಿಣದ ನಾರು ಬೇಡ. ಗಾಳಿ ಕಿಂಡಿಗೆ ಒಣ ಪೇಂಟ್ ಬ್ರಷ್ ಆಡಿಸಿ. ಆಮೇಲೆ ಹಳೇ ದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಸಿಂಕಿನಿಂದ ದೂರ, ಮೇಲಿನ ಶೆಲ್ಫಿನಲ್ಲಿಡಿ. ಒಳಗಿನ ಬೆಚ್ಚಗಿನ ಜಾಗ ಜಿರಳೆಗೆ ಬಹಳ ಇಷ್ಟ. ತಂಗಿಯ ಮಗನ ಮನೆಯಲ್ಲಿ ಅವತ್ತು ನಾನು ಒಲೆಯನ್ನು ತಲೆಕೆಳಗು ಮಾಡಿದಾಗ ನಾಲ್ಕು ಉದುರಿದವು. ಆ ಮೇಲೆ ಸೊಸೆ ಏನೂ ಮಾತಾಡದೆ, ಪಂಚೆ ಎಲ್ಲಿದೆ ಅಂತ ಹುಡುಕಲು ಹೋದಳು.